ಅಣ್ಣನ ಕಲ್ಲು, ನನ್ನ ಚುಕ್ಕಿ

ನಮ್ಮ ಅಣ್ಣನ ಕಿಡ್ನಿಯ ಕಲ್ಲು ಒಂದು ಸುಣ್ಣದ ಡಬ್ಬಿಯಲ್ಲಿ ವಾಸವಾಗಿದೆ. ಅಣ್ಣ ಎಂದರೆ ಒಡಹುಟ್ಟಿದವನಲ್ಲ, ದೊಡ್ಡಪ್ಪನ ಮಗ. ಅಜ್ಜಂಪುರದಲ್ಲಿ ನಮ್ಮ ಎರಡು ಮನೆಗೂ ಗೋಡೆ ಒಂದೇ, ಕೊಟ್ಟಿಗೆ ಒಂದೇ, ಅಜ್ಜಿಯೂ ಒಬ್ಬಳೇ. ಕಲ್ಲು ತೆಗೆಸಿಕೊಂಡು ಬಂದವನು ಡಬ್ಬಿಗೆ ಹತ್ತಿ ಹಾಸಿ ಅದನ್ನು ಮಲಗಿಸಿದ. ಅಂದಿನಿಂದ ಮನೆಗೆ ಯಾರೇ ಬರಲಿ, ಕುಡಿಯಲು ನೀರು ಬರುವ ಮೊದಲೇ ಡಬ್ಬಿ ಬರುತ್ತದೆ.

"ನೋವು ಅಂದ್ರೆ ಹೆಂಗೆ ಅಂತೀರಿ! ಹೆರಿಗೆ ನೋವು ಇದರ ಮುಂದೆ ಏನೇನೂ ಅಲ್ಲ ಕಣ್ರೀ."

ಇದನ್ನು ಅವನು ಮೂರು ಮೂರು ಹೆತ್ತ ಹೆಂಗಸರ ಮುಂದೆ ಹೇಳುತ್ತಾನೆ. ಅವರೂ "ಅಯ್ಯೋ ಪಾಪ" ಎನ್ನುತ್ತಾರೆ. ಅವನಿಗೆ ಆಪರೇಷನ್ ಆದಾಗ ಇಡೀ ಬೀದಿ ಬ್ರೆಡ್ಡು, ಸೇಬು, ಎಳನೀರು ಹೊತ್ತುಕೊಂಡು ಬಂತು. ಆ ಬ್ರೆಡ್ಡಿನಲ್ಲಿ ಮುಕ್ಕಾಲು ಪಾಲು ತಿಂದವನು ನಾನೇ. ಹಾಲಲ್ಲಿ ಅದ್ದಿಕೊಂಡು, ಒಳಗೊಳಗೇ ಉರಿದುಕೊಂಡು ತಿಂದೆ.

ನನ್ನ ಕಸುಬು ದನಿ. ತಲೆ ಮೇಲೆ ಮೈಕ್ ಕಟ್ಟಿಕೊಂಡು ಆಟೋ ಊರೂರು ಸುತ್ತುತ್ತದಲ್ಲ, ಗೊಬ್ಬರದಂಗಡಿಯ ಪ್ರಚಾರ, ಸೀರೆ ಸೇಲು, ಕಾಣೆಯಾದ ಎಮ್ಮೆ, ತೀರಿಕೊಂಡ ಹಿರಿಯರು, ಅಷ್ಟಕ್ಕೂ ಒಳಗಿಂದ ಮಾತಾಡುವವನು ನಾನು. ಎಮ್ಮೆಗೆ ಒಂದು ದನಿ, ಹಿರಿಯರಿಗೆ ಇನ್ನೊಂದು. ಒಮ್ಮೆ ರೆಕಾರ್ಡ್ ಮಾಡುವಾಗ ದನಿ ಅದಲುಬದಲಾಗಿ ಹಿರಿಯರೊಬ್ಬರ ಮರಣವಾರ್ತೆ ಸೀರೆ ಸೇಲಿನ ಉತ್ಸಾಹದಲ್ಲಿ ಊರೆಲ್ಲ ಸುತ್ತಿತು. ಮದುವೆ ರಿಸೆಪ್ಷನ್ನುಗಳಲ್ಲಿ ಮಿಮಿಕ್ರಿಯನ್ನೂ ಮಾಡುತ್ತೇನೆ. ಬೀರೂರು ಸ್ಟೇಷನ್ನಿನ ಅನೌನ್ಸ್‌ಮೆಂಟು, ನಮ್ಮ ಅಜ್ಜಿ ಕೋಳಿ ಅಟ್ಟುವುದು, ಅಣ್ಣ ಸಾಲ ಕೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಯಾವುದು ಬೇಕಾದರೂ ಸರಿ. ನನ್ನನ್ನೂ ಬಿಟ್ಟಿಲ್ಲ. ನಾನು ಹುಡುಗಿ ನೋಡಲು ಹೋಗಿ ಕಾಫಿ ಲೋಟ ಹಿಡಿದ ಬಗೆಯನ್ನು ನಾನೇ ಮಾಡಿ ತೋರಿಸುತ್ತೇನೆ.

ಆ ಹುಡುಗಿ ತರೀಕೆರೆಯವಳು. ಬಸ್‌ಸ್ಟ್ಯಾಂಡಿನ ಹಿಂದೆ ಅವಳದ್ದೊಂದು ಟೈಲರಿಂಗ್ ಅಂಗಡಿ ಇದೆ. ಸಂಬಂಧ ತಂದವನು ಅಣ್ಣನೇ. ಹೂ ಮುಡಿಸುವ ಶಾಸ್ತ್ರದ ದಿನ ನನ್ನ ಹತ್ತಿರ ಇದ್ದಬದ್ದ ದನಿಗಳನ್ನೆಲ್ಲ ಅವಳ ಮುಂದೆ ಸುರಿದೆ. ಅವಳು ಅಂಗಡಿಗೆ ಬಂದ ಗಿರಾಕಿಗೆ ನಗುವಷ್ಟು ನಕ್ಕಳು. ಆಮೇಲೆ ಅಣ್ಣ ಜೇಬಿನಿಂದ ಸುಣ್ಣದ ಡಬ್ಬಿ ತೆಗೆದ. ಮುಚ್ಚಳ ಬಿಚ್ಚಿ, "ಇದು ನಮ್ಮ ಮನೆ ಹಿರೀ ಮಗ, ಇದರ ಆಶೀರ್ವಾದನೂ ತಗೊಳಮ್ಮ" ಅಂದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು, ಮುಡಿದ ಹೂ ಅಲುಗುವಂತೆ ನಕ್ಕಳು. ಮನುಷ್ಯರನ್ನು ಕಂಡು ಹೊಟ್ಟೆಕಿಚ್ಚು ಪಡುವುದು ನನಗೆ ಹೊಸದಲ್ಲ. ಕಲ್ಲಿನ ಮೇಲೆ ಪಟ್ಟದ್ದು ಅದೇ ಮೊದಲು.

ಇದಾಗಿ ಕೆಲವು ವಾರಗಳ ಮೇಲೆ ನಮ್ಮ ಕೊಟ್ಟಿಗೆಯ ಹೋರಿಗರುವಿಗೆ ಬೀಜ ಒಡೆಸುವುದೆಂದು ಅಣ್ಣ ತೀರ್ಮಾನಿಸಿದ. ಹೋರಿಯನ್ನು ಎತ್ತು ಮಾಡುವ ಕೆಲಸ. ಪಶು ಆಸ್ಪತ್ರೆಯ ಡಾಕ್ಟರು ದೊಡ್ಡ ಇಕ್ಕಳ ತಂದರು. ಅಣ್ಣ ಯಜಮಾನಿಕೆ ಮಾಡಿದ, ನಾನು ಹಿಂಗಾಲಿನ ಹಗ್ಗ ಹಿಡಿದೆ. ಇಕ್ಕಳ ಬಿದ್ದ ಗಳಿಗೆಯಲ್ಲಿ ಹೋರಿ ಹಿಂಗಾಲು ಎತ್ತಿ, ತನಗೆ ಎಲ್ಲಿ ಆಗಿತ್ತೋ ನನಗೂ ಸರಿಯಾಗಿ ಅಲ್ಲಿಗೇ ಒದೆಯಿತು. ನಾನು ಸಗಣಿಯ ಮೇಲೆ ಕೂತುಬಿಟ್ಟೆ.

"ಲೇ, ಇಬ್ಬರದ್ದೂ ಒಂದೇ ಖರ್ಚಲ್ಲಿ ಆಗೋಯ್ತಲ್ಲೋ!" ಎಂದು ಅಣ್ಣ ಕೊಟ್ಟಿಗೆಯ ಕಂಬ ಹಿಡಿದು ನಕ್ಕ. ಡಾಕ್ಟರೂ ನಕ್ಕರು. ಹೋರಿಯೊಂದೇ ನಗಲಿಲ್ಲ.

ಎಡಗಡೆ ಊದಿಕೊಂಡಿತು. ಅಮ್ಮ ಹರಳೆಲೆ ಕಾಯಿಸಿ ತಂದು, ಮುಖ ಗೋಡೆಯ ಕಡೆ ತಿರುಗಿಸಿ ಕೈ ಚಾಚಿದಳು. "ಎಲ್ಲಿ ಕಟ್ಕೋಬೇಕೋ ಅಲ್ಲಿ ಕಟ್ಕೋ." ಎಲೆಗೆ ಊತ ಪೂರ್ತಿ ಬಗ್ಗಲಿಲ್ಲ. ಕೊನೆಗೆ ಅಣ್ಣನ ಜೊತೆ ರೈಲು ಹತ್ತಿ ಬೀರೂರು ದಾಟಿ ಕಡೂರಿಗೆ ಹೋದೆ. ಅವನ ಕಲ್ಲು ತೆಗೆದ ಡಾಕ್ಟರು ವಾರಕ್ಕೊಂದು ದಿನ ಅಲ್ಲಿಗೆ ಬರುತ್ತಾರೆ. ಅವರನ್ನು ಕಾಣುವ ಮೊದಲು ಸ್ಕ್ಯಾನ್ ಆಗಬೇಕಿತ್ತು.

ಸ್ಕ್ಯಾನ್ ಮಾಡುವವರು ತಣ್ಣನೆಯ ಜೆಲ್ ಹಚ್ಚಿದರು. ನಾನು ಸಂಕೋಚ ಮುಚ್ಚಿಕೊಳ್ಳಲು ರೈಲ್ವೆ ಅನೌನ್ಸ್‌ಮೆಂಟ್ ದನಿಯಲ್ಲಿ, "ಯಾತ್ರಿಕರು ದಯವಿಟ್ಟು ಗಮನಿಸಿ, ಇಲ್ಲಿ ಸ್ವಲ್ಪ ಚಳಿಯಾಗುತ್ತಿದೆ" ಎಂದೆ. ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಕೈಯಲ್ಲಿದ್ದ ಯಂತ್ರ ಒಂದು ಜಾಗ ದಾಟಿ ಹೋಯಿತು, ವಾಪಸ್ಸು ಬಂತು, ಅಲ್ಲೇ ನಿಂತಿತು.

"ಹೋರಿ ಒದ್ದಿದ್ದು ಎಡಗಡೆ ಅಲ್ವಾ?"

"ಹೌದು ಸಾರ್."

"ಅದೇನಿಲ್ಲ, ಪೆಟ್ಟಿನ ಊತ. ಇಳಿಯುತ್ತೆ. ಇದು ಬಲಗಡೆ."

ಪರದೆಯ ಮೇಲೆ ಬೂದಿ ಬಣ್ಣದ ನಡುವೆ ಒಂದು ಕಪ್ಪು ಚುಕ್ಕಿ. ಒದೆ ಬಿದ್ದದ್ದು ಒಂದು ಕಡೆ, ಅದು ಕೂತದ್ದು ಇನ್ನೊಂದು ಕಡೆ. ಎಷ್ಟು ಕಾಲದಿಂದ ಕೂತಿತ್ತೋ, ಹೋರಿ ಒದೆಯದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

ಅದೇ ದಿನ ರಕ್ತ ಕೊಟ್ಟೆ. ಮುಂದಿನ ವಾರ ಕಿಡ್ನಿ ಡಾಕ್ಟರ ಮುಂದೆ ಕೂತೆ. ಅವರದ್ದು ಮೆತ್ತನೆಯ ದನಿ. ಪ್ರತಿ ವಾಕ್ಯವಾದ ಮೇಲೆ ಎದುರಿಗಿರುವವರು ಅದನ್ನು ನುಂಗಲಿ ಎಂದು ಸ್ವಲ್ಪ ಕಾಯುತ್ತಾರೆ. ನಾನು ಅರ್ಧ ಕಿವಿಯಿಂದ ಸುದ್ದಿ ಕೇಳುತ್ತ ಇನ್ನರ್ಧದಿಂದ ದನಿ ಕದಿಯುತ್ತಿದ್ದೆ. ಕಸುಬಿನ ಚಟ.

"ನೋಡಿ, ವೃಷಣದ ಒಳಗೆ ಒಂದು ಗಂಟಿದೆ. ಜೋಳದ ಕಾಳಿಗಿಂತ ಚಿಕ್ಕದು. ಈ ವಯಸ್ಸಲ್ಲಿ ಅಲ್ಲಿ ಗಟ್ಟಿ ಗಂಟು ಅಂದ್ರೆ ನಾವು ಮೊದಲು ಕ್ಯಾನ್ಸರ್ ಇರಬಹುದು ಅಂತಲೇ ಯೋಚನೆ ಮಾಡ್ತೀವಿ. ಆದ್ರೆ ಇಷ್ಟು ಸಣ್ಣ ಗಂಟುಗಳಲ್ಲಿ ಏನೂ ಮಾಡದೆ ತಮ್ಮ ಪಾಡಿಗೆ ಕೂತಿರೋವೂ ಬಹಳ ಇರ್ತವೆ. ನಿಮ್ಮ ರಕ್ತದ ಪರೀಕ್ಷೆಗಳೆಲ್ಲ ಸರಿಯಾಗಿದಾವೆ. ಹಾಗಂತ ಅಷ್ಟಕ್ಕೇ ಧೈರ್ಯ ಹೇಳಕ್ಕೂ ಆಗಲ್ಲ. ಇದು ಯಾವ ಜಾತೀದು ಅಂತ ಸ್ಕ್ಯಾನ್ ನೋಡಿ ಹೇಳಕ್ಕಾಗ್ತಿಲ್ಲ."

"ಸೂಜಿ ಚುಚ್ಚಿ ನೋಡ್ಬಿಡಿ ಸಾರ್."

"ಇಲ್ಲಿ ಸೂಜಿ ಚುಚ್ಚಿ ನೋಡೋ ಪದ್ಧತಿ ಇಲ್ಲ. ಅಕಸ್ಮಾತ್ ಕೆಟ್ಟದ್ದಾಗಿದ್ರೆ ಚುಚ್ಚಿದ ದಾರೀಲಿ ಹರಡಬಹುದು. ಆಪರೇಷನ್ ಮಾಡೋದಾದ್ರೂ ತೊಡೆ ಸಂದಿನ ಮೇಲಿಂದ ಮಾಡ್ತೀವಿ. ಪೂರ್ತಿ ತೆಗೆಯೋದು ಒಂದು ದಾರಿ. ದೊಡ್ಡ ಆಸ್ಪತ್ರೇಲಿ ಗಂಟನ್ನಷ್ಟೇ ತೆಗೆದು, ನೀವು ಟೇಬಲ್ ಮೇಲಿರುವಾಗಲೇ ಪರೀಕ್ಷೆ ಮಾಡಿ, ಕೆಟ್ಟದ್ದಾದ್ರೆ ಮಾತ್ರ ಪೂರ್ತಿ ತೆಗೆಯೋದು ಇನ್ನೊಂದು. ಇಲ್ಲ, ಸದ್ಯಕ್ಕೆ ಕಾಯ್ದು ಮತ್ತೆ ಸ್ಕ್ಯಾನ್ ಮಾಡೋದು. ನಿಮ್ಮದು ಚಿಕ್ಕದು, ರಕ್ತ ಸರಿಯಿದೆ, ಕಾಯಬಹುದು. ಮರೀಬಾರದು, ಅಷ್ಟೇ. ಕಾಯೋದೂ ಚಿಕಿತ್ಸೆನೇ."

ನಾನು ಕೇಳಬಾರದೆಂದುಕೊಂಡದ್ದನ್ನು ಕೇಳಿದೆ. "ಪೂರ್ತಿ ತೆಗೆದ್ರೆ ಮದುವೆ ಗಿದುವೆ..."

"ಇನ್ನೊಂದು ಚೆನ್ನಾಗಿದ್ರೆ ಸಂಸಾರ, ಮಕ್ಕಳು, ಎಲ್ಲ ಸಾಮಾನ್ಯವಾಗಿ ನಡೆಯುತ್ತೆ. ಬೇಕಾದ್ರೆ ಆಪರೇಷನ್‌ಗೆ ಮುಂಚೆ ವೀರ್ಯ ತೆಗೆದಿಡಿಸಬಹುದು. ಅಷ್ಟೇ ಅಲ್ಲ, ಕೆಟ್ಟದ್ದೇ ಆದ್ರೂ ಬೇಗ ಸಿಕ್ಕರೆ ವಾಸಿಯಾಗೋ ಪೈಕಿ ಇದು."

"ಹೆಸರೇನು ಸಾರ್ ಇದಕ್ಕೆ?"

ಅವರು ಆ ಕಾಯುವ ಹೊತ್ತನ್ನು ಈ ಸಲ ತಮಗೇ ಬಳಸಿಕೊಂಡರು. "ಇನ್ನೂ ಹೆಸರಿಲ್ಲ."

ಹೊರಗೆ ಬೆಂಚಿನ ಮೇಲೆ ಹೆಸರುಳ್ಳ ಕಾಯಿಲೆಗಳೆಲ್ಲ ಸಾಲಾಗಿ ಕೂತಿದ್ದವು. ಒಬ್ಬರಿಗೆ ಶುಗರು, ಒಬ್ಬರಿಗೆ ಪ್ರಾಸ್ಟೇಟು, ಒಬ್ಬರಿಗೆ ಮೂತ್ರದ ಸೋಂಕು. ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಡುವೆ, ಈ ಸಲವೂ ಜೊತೆಗೆ ಬಂದಿದ್ದ ನಮ್ಮ ಅಣ್ಣ ಡಬ್ಬಿ ತೆರೆದು ಕೂತಿದ್ದ, ಆರೇಳು ತಲೆ ಬಗ್ಗಿದ್ದವು. ಅವರೆಲ್ಲರ ಮೇಲೂ ನನಗೆ ಒಟ್ಟಿಗೇ ಹೊಟ್ಟೆ ಉರಿಯಿತು. ನನ್ನದು ತೋರಿಸುವಂಥದ್ದಲ್ಲ, ಹೇಳುವಂಥದ್ದಲ್ಲ, ಏನು ಎಂದು ಕೇಳಿದರೆ ಡಾಕ್ಟರಿಗೇ ಗೊತ್ತಿಲ್ಲ.

ರೈಲಿನಲ್ಲಿ ಅಣ್ಣ ಬಿಡಲಿಲ್ಲ, ಎಲ್ಲ ಬಾಯಿ ಬಿಡಿಸಿದ. ಬಿಡಿಸಿಕೊಂಡು ನಿಜವಾಗಿ ಮುಖ ಸಣ್ಣ ಮಾಡಿದ. "ಯಾರಿಗೂ ಹೇಳಲ್ಲ ಕಣೋ, ನಮ್ಮಪ್ಪನಾಣೆ" ಎಂದ. ಮಾತಿಗೆ ತಪ್ಪಲಿಲ್ಲ. ತನ್ನ ಅಪ್ಪನಿಗೆ ಹೇಳಲಿಲ್ಲ. ತನ್ನ ಅಮ್ಮನಿಗೆ ಹೇಳಿದ. ದೊಡ್ಡಮ್ಮನಿಗೆ ಹೇಳಿದ್ದು ಗೋಡೆ ದಾಟಿ ನಮ್ಮಮ್ಮನಿಗೆ ಬಂತು, ದೀಪ ಹಚ್ಚುವ ಹೊತ್ತಿಗೆ ಅಜ್ಜಿಗೆ ಮುಟ್ಟಿತು.

ಅಜ್ಜಿ ಎದೆಗೆ ಕೈ ಹಚ್ಚಿಕೊಂಡು ಕೊಟ್ಟಿಗೆಯ ಕಡೆ ನೋಡಿದಳು. "ಅಯ್ಯೋ, ಕೆಡಿಸಿಬಿಟ್ರಲ್ಲೋ! ಅದು ದೇವರ ಬಸವ ಕಣ್ರೋ!"

ಆಗ ಹೊರಬಿತ್ತು. ನಮ್ಮ ಕಡೆ ಹರಕೆ ಹೊತ್ತ ಗಂಡುಕರುವನ್ನು ದೇವರ ಹೆಸರಿಗೆ ಬಿಡುತ್ತಾರೆ. ಅದಕ್ಕೆ ನೊಗ ಹೂಡುವಂತಿಲ್ಲ, ಬೀಜ ಒಡೆಸುವಂತಿಲ್ಲ. ಹಸು ಕರು ಹಾಕಲಾಗದೆ ಒದ್ದಾಡುತ್ತಿದ್ದಾಗ ಅಜ್ಜಿ, ತಾಯಿ ಮಗು ಎರಡೂ ಉಳಿದರೆ ಬಸವನಾಗಿ ಬಿಡುತ್ತೇನೆಂದು ಹರಕೆ ಹೊತ್ತಿದ್ದಳಂತೆ.

"ನಮಗೆ ಹೇಳ್ಬೇಕಲ್ವಾ ಅಜ್ಜಿ!" ಎಂದ ಅಣ್ಣ.

"ಹೇಳಿದ್ದೆ ಕಣೋ."

"ಯಾರಿಗೆ?"

"ಹಸೂಗೆ. ಕಿವೀಲಿ."

ಅಜ್ಜಿಯ ತೀರ್ಪು ಸ್ಪಷ್ಟವಾಗಿತ್ತು. ಬಸವನ ಬೀಜ ಒಡೆಸಿದ ತಪ್ಪು ಹಗ್ಗ ಹಿಡಿದವನ ಬೀಜಕ್ಕೆ ತಗುಲಿದೆ. ನಾನು ಎದ್ದು ನಿಂತೆ. "ಡಾಕ್ಟ್ರನ್ನ ಕರೆಸಿದ್ದು ಅವನು! ಇಕ್ಕಳ ಹಾಕಿ ಅಂದಿದ್ದು ಅವನು! ನಾನು ಬರೀ ಹಗ್ಗ!"

"ಅವನಿಗೆ ಆಗ್ಲೇ ಕಲ್ಲು ಕೊಟ್ಟಾಯ್ತಲ್ಲಪ್ಪಾ ದೇವ್ರು" ಎಂದಳು ಅಜ್ಜಿ.

ಅಂದರೆ ಅವನ ಶಿಕ್ಷೆ ತಪ್ಪಿಗಿಂತ ಮುಂಚೆಯೇ ಮುಗಿದು, ಡಬ್ಬಿಯಲ್ಲಿ ಕೂತು, ನೆಂಟರ ಕೈಯಲ್ಲಿ ಭೇಷ್ ಅನ್ನಿಸಿಕೊಳ್ಳುತ್ತಿತ್ತು. ನನ್ನದು ಈಗ ಶುರು. ಗುಣವಾಗುವವರೆಗೆ ಬೆಳಗ್ಗೆ ಎದ್ದು ಆ ಎತ್ತಿಗೆ ನನ್ನ ಕೈಯಾರೆ ಬೆಲ್ಲ, ನೆನೆಸಿದ ಹುರುಳಿ ತಿನ್ನಿಸಬೇಕು. ಗಂಟು ಒದೆಗಿಂತ ಹಳೆಯದು, ಅದೂ ಇನ್ನೊಂದು ಕಡೆಯದು ಎಂದು ಡಾಕ್ಟರ ದನಿಯಲ್ಲೇ ವಿವರಿಸಿದೆ. "ದೇವ್ರಿಗೆ ಎಡ ಬಲ ಏನು ಬಂತು" ಎಂದುಬಿಟ್ಟಳು.

ಹೀಗೆ ನಾನು ಎತ್ತಿಗೆ ತಿನ್ನಿಸತೊಡಗಿದೆ. ಅದು ಹುರುಳಿ ಮೆಲ್ಲುತ್ತ, ಬಾಲ ಆಡಿಸುತ್ತ ನಿಂತಿರುತ್ತಿತ್ತು. ಅದರ ವಿಷಯ ಇತ್ಯರ್ಥವಾಗಿತ್ತು. ಇದೆಯೋ ಇಲ್ಲವೋ ಎಂಬುದು ಅದಕ್ಕೆ ಖಚಿತವಾಗಿತ್ತು. ಅದರ ಮುಂದೆ ನಿಂತು, ಬೆಲ್ಲ ಹಿಡಿದು, ಎತ್ತಿನ ಮೇಲೂ ಅಸೂಯೆಪಟ್ಟೆ. ಇನ್ನು ಉಳಿದದ್ದು ಕೋಳಿಗಳು ಮಾತ್ರ.

ನಿಜವಾದ ಪ್ರಶ್ನೆ ತರೀಕೆರೆಯಲ್ಲಿತ್ತು. ಮದುವೆಗೆ ದಿನ ಗೊತ್ತಾಗಿತ್ತು, ಎರಡನೇ ಸ್ಕ್ಯಾನ್ ಅದಕ್ಕೂ ಮೊದಲೇ ಬೀಳುತ್ತಿತ್ತು. ಅವಳಿಗೆ ಹೇಳಬೇಕೋ ಬೇಡವೋ? ಹೇಳಿದರೆ ಸಂಬಂಧ ಮುರಿದೀತು. ಹೇಳದಿದ್ದರೆ ನಾಳೆ ಆಸ್ಪತ್ರೆಗೆ ಹೊರಟಾಗ ಅವಳ ಮುಖ ಹೇಗೆ ನೋಡಲಿ?

"ತಾಳಿ ಬೀಳೋವರ್ಗೂ ಬಾಯಿ ಮುಚ್ಕೊಂಡಿರು" ಎಂದಳು ಅಜ್ಜಿ. ದೊಡ್ಡಮ್ಮನೂ ಅದನ್ನೇ ಹೇಳಿದಳು. ಅಮ್ಮ ಹಸಿಮೆಣಸಿನಕಾಯಿ ಮುರಿಯುತ್ತಿದ್ದಳು.

ಅಣ್ಣ ಮಾತ್ರ ನನ್ನ ಹೆಗಲ ಮೇಲೆ ಕೈ ಹಾಕಿ, ಗಂಟಲು ಸರಿಮಾಡಿಕೊಂಡು ಹೇಳಿದ. "ಮುಚ್ಚಿಡೋದು ಸರಿಯಲ್ಲ ಕಣೋ. ನೀನು ಹೇಳಿದ್ರೆ ತಮಾಷೆ ಅಂದ್ಕೋತಾಳೆ. ನಾಳೆ ತರೀಕೆರೆಗೆ ಹೋಯ್ತೀನಿ, ನಾನೇ ಹೇಳ್ತೀನಿ ಬಿಡು. ನನ್ನ ಮಾತು ಅಂದ್ರೆ ಅವ್ರಿಗೆ ಒಂದು ನಂಬಿಕೆ."

ಅವನ ಮನಸ್ಸು ಒಳ್ಳೆಯದಿತ್ತು. ಆದರೆ ನನ್ನ ಕಣ್ಣಿಗೆ ಕಂಡದ್ದು ಬೇರೆ. ಹೊಲಿಗೆ ಮೆಷಿನ್ನಿನ ಪಕ್ಕ ಸ್ಟೂಲಿನಲ್ಲಿ ಇವನು, ಎದುರಿಗೆ ಕಣ್ಣರಳಿಸಿ ಅವಳು, ನನ್ನ ಬಲಗಡೆಯ ಚುಕ್ಕಿಯ ಕಥೆ ಇವನ ಬಾಯಲ್ಲಿ! ಕಲ್ಲಿನ ಕಥೆ ಅವನದ್ದು, ಆಗಲಿ. ನನ್ನ ಹತ್ತಿರ ಇದ್ದದ್ದು ಇದೊಂದು. ಅಂದೇ ಮಧ್ಯಾಹ್ನ ರೆಕಾರ್ಡಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ಅವಳಿಗೆ ಫೋನ್ ಮಾಡಿದೆ.

ಹಲೋ ಎಂದಳು. ಹಿಂದೆ ಮೆಷಿನ್ ಓಡುತ್ತಿತ್ತು. ಬಾಯಿ ತೆರೆದೆ. ಬಂದದ್ದು ಡಾಕ್ಟರ ದನಿ.

"ನೋಡಿ, ನಾನು ನಿಮ್ಮ ಹುಡುಗನ ಡಾಕ್ಟರು ಮಾತಾಡ್ತಿದೀನಿ."

ಅವಳು ಕಿಸಕ್ಕೆಂದಳು. ನಾನು ನಿಲ್ಲಿಸಲಿಲ್ಲ. ಗಂಟು, ಬಲಗಡೆ, ಜೋಳದ ಕಾಳು, ರಕ್ತ, ಸೂಜಿ ಹಾಕಬಾರದು, ತೆಗೆಯಬಹುದು, ಕಾಯಬಹುದು. ಪ್ರತಿ ವಾಕ್ಯವಾದ ಮೇಲೂ ಅವರಂತೆಯೇ ಕಾದೆ. ನಡುವೆಲ್ಲೋ ಮೆಷಿನ್ ನಿಂತಿತು.

"ಡಾಕ್ಟ್ರೇ, ಕ್ಯಾನ್ಸರ್ರಾ?" ಅವಳ ದನಿ ಬದಲಾಗಿತ್ತು.

"ಇರಬಹುದು, ಇಲ್ಲದೆಯೂ ಇರಬಹುದು. ಈಗಲೇ ಹೇಳಕ್ಕಾಗಲ್ಲಮ್ಮ."

"ಕಾಯ್ತಾ ಕೂತ್ರೆ ಹೊತ್ತು ಮೀರಲ್ವಾ?"

"ಬಿಟ್ಟುಬಿಟ್ರೆ ಮೀರುತ್ತೆ. ನೋಡ್ತಾ ಇದ್ರೆ ಮೀರಲ್ಲ. ಬೆಳೆದ್ರೆ ತೆಗೀತೀವಿ."

"ಅವ್ರಿಗೆ ನೋವಿದ್ಯಾ?"

ಇದಕ್ಕೆ ಡಾಕ್ಟರು ಉತ್ತರ ಹೇಳಿರಲಿಲ್ಲ. ಆದರೂ ಹೇಳಿದೆ. "ಅಲ್ಲಿ ನೋವಿಲ್ಲ."

ಅತ್ತ ಕತ್ತರಿ ಕೆಳಗಿಟ್ಟ ಸದ್ದಾಯಿತು. ಆಮೇಲೆ ಬಹಳ ಮರ್ಯಾದೆಯಿಂದ, "ಸರಿ ಡಾಕ್ಟ್ರೇ. ಈಗ ಪೇಷಂಟಿಗೆ ಫೋನ್ ಕೊಡಿ" ಎಂದಳು.

ಕೊಡಲು ಹೋದೆ. ಪೇಷಂಟಿಗೆ ದನಿಯೇ ಇರಲಿಲ್ಲ. ಆ ಗಳಿಗೆಯಲ್ಲೂ ನನ್ನ ಬುದ್ಧಿ ನೋಡಿ. ಇಷ್ಟು ಹೊತ್ತು ಎಷ್ಟು ನಂಬಿಕೆಯಿಂದ ಆ ಡಾಕ್ಟರ ಹತ್ತಿರ ಮಾತಾಡಿದಳಲ್ಲ ಎಂದು ನನಗೆ ಅವರ ಮೇಲೆ ಕಿಚ್ಚು. ಆ ಡಾಕ್ಟರು ನಾನೇ ಎಂಬುದು ಸಮಾಧಾನ ಕೊಡಲಿಲ್ಲ.

"ಹಲೋ" ಎಂದೆ. ಮೈಕಿಗೆ ಒಗ್ಗದ, ಸ್ವಲ್ಪ ಒಡಕು ದನಿ. ನನ್ನದೇ.

"ನಂಗೆ ಹೇಳು ಅಂತ ಯಾರಾದ್ರೂ ಹೇಳಿದ್ರಾ?"

"ಯಾರೂ ಇಲ್ಲ. ಬೇಡ ಅಂದ್ರು. ಅಣ್ಣ ಮಾತ್ರ ತಾನೇ ಬಂದು ಹೇಳ್ತೀನಿ ಅಂದ."

"ಅದಕ್ಕೇ ಓಡಿ ಬಂದ್ರಾ?"

"ಹೂಂ. ಹೊಟ್ಟೆಕಿಚ್ಚು ಕಣ್ರೀ. ಅವತ್ತು ಅವನ ಕಲ್ಲು ನೋಡಿ ಎಷ್ಟು ನಕ್ಕಿದ್ರಿ ನೀವು."

ಅವಳು ನಕ್ಕಳು. ಶಾಸ್ತ್ರದ ದಿನದಷ್ಟಲ್ಲ. ಅರ್ಧದಲ್ಲೇ ಮೂಗು ಎಳೆದುಕೊಂಡಳು. "ನಂಗೆ ಈಗ್ಲೇ ಏನೂ ಹೇಳಕ್ಕೆ ಬರ್ತಿಲ್ಲ. ಎರಡನೇ ಸ್ಕ್ಯಾನಿಗೆ ನಾನೂ ಬರ್ತೀನಿ. ಅದಾದ್ಮೇಲೆ ಹೇಳ್ತೀನಿ." ಫೋನ್ ಇಟ್ಟಳು. ಡಾಕ್ಟರೂ ಕಾಯಿರಿ ಎಂದಿದ್ದರು, ಇವಳೂ ಕಾಯಿರಿ ಎಂದಳು.

ಆ ನಡುವೆ ಬೀದಿಗೂ ಸುದ್ದಿ ತಲುಪಿತು. ಅದೇ ಬ್ರೆಡ್ಡು, ಅದೇ ಸೇಬು ಬರತೊಡಗಿದವು. ಬಂದವರಿಗೆ ಏನು ಕೇಳಬೇಕೆಂದು ತಿಳಿಯುತ್ತಿರಲಿಲ್ಲ. ನನ್ನ ಮುಖ ನೋಡುವರು, ಬೇಗ ಕಣ್ಣು ತೆಗೆದು ಕೊಟ್ಟಿಗೆಯ ಎತ್ತನ್ನು ನೋಡುವರು. "ಎತ್ತು ಚೆನ್ನಾಗಿದ್ಯಾ?" ಎಂದು ಕೇಳಿ ಹೋಗುವರು. ಪಕ್ಕದ ಬೀದಿಯ ಹುಡುಗನೊಬ್ಬ ಮಾತ್ರ ಎಲ್ಲರೂ ಹೋಗುವವರೆಗೆ ಕಾದಿದ್ದು, ತನಗೂ ಒಂದು ಗಂಟು ಕೈಗೆ ಸಿಗುತ್ತಿದೆ, ಮನೆಯಲ್ಲಿ ಹೇಳಿಲ್ಲ ಎಂದ. ಅವನನ್ನು ಬೆನ್ನು ಹಿಡಿದು ಕಡೂರಿಗೆ ಕಳಿಸಿದೆ. ನೀರು ತುಂಬಿದ ಚೀಲವಂತೆ, ಗಾಬರಿಯಿಲ್ಲವಂತೆ. ಅವನ ಗಂಟಿಗೆ ಒಂದೇ ದಿನದಲ್ಲಿ ಹೆಸರು ಸಿಕ್ಕಿತು. ಸಂತೋಷವಾಯಿತು ಎಂದು ಬರೆದರೆ ಅರ್ಧ ನಿಜ.

ಬ್ರೆಡ್ಡು ರಾಶಿ ಬಿದ್ದದ್ದನ್ನು ಕಂಡು ಅಣ್ಣ ಜಗಲಿಯಲ್ಲಿ ನಿಂತು ಹೇಳಿದ. "ನಂದು ಒಂದೇ ಸಲಕ್ಕೆ ಮುಗಿದೋಯ್ತು ಕಣೋ. ನಿಂದು ನೋಡು, ಪ್ರತಿ ಸ್ಕ್ಯಾನಿಗೂ ಜನ ಬತ್ತಾರೆ." ನಾನು ಅವನಿಗೆ ಒಂದು ಪ್ಯಾಕೆಟ್ ಕೊಟ್ಟೆ. ಅವನು ಹಾಲಲ್ಲಿ ಅದ್ದಿಕೊಂಡು ತಿಂದ. ಆ ಮುಖವನ್ನು ನಾನು ಇನ್ನೂ ಮಿಮಿಕ್ರಿ ಮಾಡಿಲ್ಲ, ಇಟ್ಟುಕೊಂಡಿದ್ದೇನೆ.

ಸ್ಕ್ಯಾನಿನ ದಿನ ಅವಳು ತರೀಕೆರೆಯಿಂದ, ನಾನು ಅಜ್ಜಂಪುರದಿಂದ ಬೀರೂರಿಗೆ ಬಂದು, ಅಲ್ಲಿಂದ ಒಟ್ಟಿಗೆ ಕಡೂರಿಗೆ ಹೋದೆವು. ಪರದೆಯ ಮೇಲೆ ಚುಕ್ಕಿ ಇದ್ದಲ್ಲೇ ಇತ್ತು. ಬೆಳೆದಿರಲಿಲ್ಲ, ಕರಗಿಯೂ ಇರಲಿಲ್ಲ. ರಕ್ತವೂ ಸರಿಯಿತ್ತು.

"ಸರ್, ಏನೂ ಅಲ್ಲ ಅಂತ ಯಾವತ್ತು ಹೇಳ್ತೀರಿ?" ಎಂದು ಅವಳು ಡಾಕ್ಟರನ್ನು ಕೇಳಿದಳು.

"ಗೊತ್ತಿಲ್ಲಮ್ಮ" ಎಂದು ಅವರು ಎಂದಿನಂತೆ ಕಾದರು. "ಬದಲಾಗದೆ ಇದ್ದಷ್ಟೂ ಧೈರ್ಯ ಜಾಸ್ತಿ ಆಗ್ತಾ ಹೋಗುತ್ತೆ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ. ಅಷ್ಟರೊಳಗೆ ಕೈಗೆ ಏನಾದ್ರೂ ಗಟ್ಟಿ ಸಿಕ್ಕರೆ, ಭಾರ ಅನ್ನಿಸಿದ್ರೆ ಕಾಯಬೇಡಿ, ಬಂದುಬಿಡಿ."

"ನೀವು ಫೋನಲ್ಲೂ ಹಿಂಗೇ ಹೇಳಿದ್ರಿ" ಎಂದಳು. ಡಾಕ್ಟರು ಗಾಬರಿಯಿಂದ ನನ್ನನ್ನು ನೋಡಿದರು. ನಾನು ಮೇಲೆ ಫ್ಯಾನು ನೋಡಿದೆ.

ಬೀರೂರಿನ ಪ್ಲಾಟ್‌ಫಾರಮ್ಮಿನಲ್ಲಿ ಅವಳ ತರೀಕೆರೆ ರೈಲು ಮೊದಲು ಬರುವುದಿತ್ತು. ಕಡಲೆಕಾಯಿ ಸುಲಿದುಕೊಂಡು ಕೂತೆವು. ಕೇಳಲು ನನಗೆ ಧೈರ್ಯವಿರಲಿಲ್ಲ. ಅವಳೇ ಶುರು ಮಾಡಿದಳು.

"ಕೆಲವ್ರಿಗೆ ರವಿಕೆ ಹೊಲಿವಾಗ ಒಳಗಡೆ ಒಂದಿಷ್ಟು ಬಟ್ಟೆ ಬಿಟ್ಟು ಹೊಲಿತೀನಿ. ಮುಂದೆ ಬಿಚ್ಚಬೇಕಾದ್ರೆ ಬಿಚ್ಚೋಕೆ. ಬೇಡ ಆದ್ರೆ ಅದರ ಪಾಡಿಗೆ ಅದು ಒಳಗೇ ಇರುತ್ತೆ. ಹಂಗಂತ ರವಿಕೆ ಹೊಲಿಯೋದು ಬಿಡಲ್ಲ." ಸಿಪ್ಪೆ ಊದಿದಳು. "ಮದುವೆ ದಿನ ಬದಲಾಯಿಸೋದು ಬೇಡ. ಆದ್ರೆ ಮುಂದಿನ ಸ್ಕ್ಯಾನ್ ದಿನ ಯಾವ ನೆಂಟ್ರ ಮನೇಲಿ ಊಟಕ್ಕೆ ಕರೆದಿರ್ಲಿ, ಮೊದ್ಲು ಕಡೂರು. ಒಪ್ಪಿದ್ರೆ ಸರಿ."

ನಾನು ತಲೆಯಾಡಿಸಿದೆ. ಬೇರೇನು ಮಾಡಲೂ ಆಗಲಿಲ್ಲ. ಕಡಲೆಕಾಯಿ ಬಾಯಲ್ಲಿತ್ತು.

ರೈಲಿನ ಅನೌನ್ಸ್‌ಮೆಂಟು ಶುರುವಾಯಿತು. ಅವಳು ಬ್ಯಾಗು ಎತ್ತಿಕೊಂಡು, "ಒಂದ್ನಿಮಿಷ ಡಾಕ್ಟ್ರನ್ನ ಕರೀರಿ, ಇನ್ನೊಂದು ಪ್ರಶ್ನೆ ಇತ್ತು" ಎಂದಳು.

"ಕರೆಯಲ್ಲ" ಎಂದೆ. "ಅವ್ರ ಹತ್ರ ನೀವು ತುಂಬ ಚೆನ್ನಾಗಿ ಮಾತಾಡ್ತೀರಿ. ಏನಿದ್ರೂ ಪೇಷಂಟಿಗೇ ಕೇಳಿ."

"ಸ್ಕ್ಯಾನ್ ಆಗುವಾಗ ಭಯ ಆಯ್ತಾ?"

"ಆಯ್ತು" ಎಂದೆ.

ಅವಳು ಉಳಿದ ಕಡಲೆಕಾಯಿಯ ಪೊಟ್ಟಣವನ್ನು ನನ್ನ ಕೈಗಿಟ್ಟು ರೈಲು ಹತ್ತಿದಳು. ನಾಳೆ ಬೆಳಗ್ಗೆ ಎತ್ತಿಗೆ ಎಂದಿನ ಬೆಲ್ಲ, ಹುರುಳಿಯಷ್ಟೇ, ಈ ಕಡಲೆಕಾಯಿಯಲ್ಲಿ ಅದಕ್ಕೊಂದು ಕಾಳೂ ಇಲ್ಲ ಎಂದುಕೊಳ್ಳುತ್ತ ನಾನು ನನ್ನ ರೈಲಿಗೆ ಕಾಯುತ್ತ ಕೂತೆ.